ದಡಸಲ ಗಿಡದ ಕೆಳಗೆ ತೆಗೆದ ಅಳತೆ

ಇಸವಿ ೧೯೬೩, ಜನವರಿ. ಅವರಾತ್ರಿ ಅಮಾವಾಸ್ಯೆ, ಶುಕ್ರವಾರ. ರಾತ್ರಿ ಎಂಟೂಕಾಲು. ಸ್ಥಳ, ಯಮಕನಮರಡಿಯ ಹಿಂದಿನ ಗುಡ್ಡ. ಹಾಜರಿದ್ದವರು ಮೂವರು: ನನ್ನ ಅಪ್ಪ, ಗಾಡಿ ಹೊಡೆದ ಸಿದ್ದಪ್ಪ ಕಾಕಾ ಮತ್ತು ನಾನು.

ಮೂವರು ಎಂದು ಬರೆಯುವಾಗ ಇವತ್ತಿಗೂ ಕೈ ಒಂದು ಕ್ಷಣ ನಿಲ್ಲುತ್ತದೆ...

ನಾನು ಮೂವತ್ತೆರಡು ವರ್ಷ ನರ್ಸ್ ಆಗಿ ದುಡಿದವಳು. ಹಣೆ ಮುಟ್ಟಿ ಜ್ವರ ಹೇಳಿದವಳಲ್ಲ, ಥರ್ಮಾಮೀಟರ್ ನೋಡಿ ಬರೆದವಳು. ಈ ರಾತ್ರಿಯ ವಿವರವನ್ನೂ ಮರುದಿನ ಬೆಳಿಗ್ಗೆ ಏಳಕ್ಕೆ ಕುಳಿತು ಬರೆದಿಟ್ಟಿದ್ದೆ. ಆ ಹಾಳೆಗಳನ್ನು ಎದುರಿಗಿಟ್ಟುಕೊಂಡೇ ಹೇಳುತ್ತಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನು ಒಂದು ಮಾತನ್ನೂ ಕೂಡಿಸಿಲ್ಲ.

ಮೇಲವಂಕಿಯಲ್ಲಿ ನಮ್ಮದು ಬಿಲ್ಲು ಮಾಡುವ ಮನೆತನ. ಬೇಟೆ ಯಾವಾಗಲೋ ನಿಂತಿತ್ತು. ಅಪ್ಪ ಕೊಡಲಿಯ ಕಾವು ಮಾಡಿ ಹೊಟ್ಟೆ ಹೊರೆಯುತ್ತಿದ್ದರು. ಆದರೂ ಮನೆಯ ಗಂಡಸಿಗೆ ಮದುವೆಯ ವರ್ಷ ಒಂದು ಬಿಲ್ಲು ಆಗಲೇಬೇಕು. ಅದು ಅವನಷ್ಟೇ ಎತ್ತರ ಇರಬೇಕು, ಹಿಮ್ಮಡಿಯಿಂದ ನೆತ್ತಿಯವರೆಗೆ. ಅವನು ಸತ್ತಾಗ ಪಕ್ಕದಲ್ಲಿ ಮಲಗುವುದೂ ಅದೇ. ಪರಸ್ಥಳದಲ್ಲಿ ಸತ್ತು ದೇಹ ಊರಿಗೆ ಬಾರದಿದ್ದರೆ, ಅವನ ಅಳತೆಯ ಬಿಲ್ಲನ್ನೇ ಅವನೆಂದು ತಿಳಿದು ಕುಣಿಯಲ್ಲಿಟ್ಟು ಹೂಳುತ್ತೇವೆ.

ನನ್ನ ತಮ್ಮ ಲಕ್ಕಪ್ಪನಿಗೆ ಮದುವೆ ಆಗಿರಲಿಲ್ಲ. ಬಿಲ್ಲೂ ಆಗಿರಲಿಲ್ಲ. ಹದಿನೇಳಕ್ಕೆ ಮಿಲಿಟರಿ ಸೇರಿದ. ಇಪ್ಪತ್ತೊಂದಕ್ಕೆ, ಡಿಸೆಂಬರಿನಲ್ಲಿ, ಚೀನಾ ಗಡಿಯಿಂದ ಕಾಗದ ಬಂತು. ಸತ್ತಿದ್ದಾನೆ, ಹಿಮದಲ್ಲಿ ದೇಹ ಸಿಕ್ಕಿಲ್ಲ, ಅಷ್ಟೇ.

ಅವ್ವ ಮೊದಲೇ ಹೋಗಿದ್ದಳು. ಅಪ್ಪ ಅಳಲಿಲ್ಲ. ಕೊಡಲಿ ಮಸೆಯತೊಡಗಿದರು.

ಬಿಲ್ಲಿಗೆ ದಡಸಲೇ ಆಗಬೇಕು. ಬಗ್ಗಿಸಿದರೆ ಮುರಿಯದೆ ಮತ್ತೆ ನೆಟ್ಟಗಾಗುವ ಕಟ್ಟಿಗೆ ಅದು. ಅಮಾವಾಸ್ಯೆಗೆ ಕಡಿದರೆ ಹುಳು ಹಿಡಿಯುವುದಿಲ್ಲ ಎಂಬುದು ಹಿರಿಯರ ಮಾತು. ಆದರೆ ಗೋಕಾಕ ಸುತ್ತಿನ ಗುಡ್ಡಗಳಲ್ಲಿ ಸರಿಯಾದ ಗಿಡವೇ ಉಳಿದಿರಲಿಲ್ಲ. ನಾನು ದವಾಖಾನೆಯಲ್ಲಿ ಎಂಟು ದಿನದ ರಜೆ ಬರೆದು, ಒಂದು ಗಿಡ ಕಡಿಯಲು ಪಾಸು ಮಾಡಿಸಿ, ಅಪ್ಪನ ಜೊತೆ ಹೊರಟೆ. ಅವರ ಕಣ್ಣಿಗೆ ಪೊರೆ ಬಂದಿತ್ತು. ಗಿಡದ ಮೇಲೆ ಅಂಗೈ ಆಡಿಸಿ ನೋಡುತ್ತಿದ್ದರು. ತೊಗಟೆಯ ಗೆರೆ ಹಗ್ಗದಂತೆ ಹೊಸೆದುಕೊಂಡಿದ್ದರೆ ಒಳಗಿನ ಕಟ್ಟಿಗೆಯೂ ಹಾಗೆಯೇ, ಬಿಲ್ಲು ಸಿಡಿಯುತ್ತದೆ. ಆಮೇಲೆ ಕೊಡಲಿಯ ಹಿಂಭಾಗದಿಂದ ಮೆಲ್ಲಗೆ ಬಡಿದು ಕಿವಿ ಹಚ್ಚುತ್ತಿದ್ದರು.

"ಇದು ಪೊಳ್ಳ."

"ಇದಕ್ಕ ಗಂಟ ಭಾಳ."

ಆರು ದಿನ ಹೀಗೇ ಕಳೆಯಿತು. ಏಳನೆಯ ದಿನ ಯಮಕನಮರಡಿಗೆ ಬಂದೆವು. ಅಪ್ಪನ ಚಿಕ್ಕಪ್ಪನ ಮಗ ಸಿದ್ದಪ್ಪ ಕಾಕಾನ ಊರು ಅದು.

"ಏನ್ ನರ್ಸಬಾಯಿ, ಗಿಡಕ್ಕೂ ಸೂಜಿ ಚುಚ್ಚಾಕಿ ಏನು?" ನನ್ನ ಚೀಲ ನೋಡಿ ಕಾಕಾ ನಗೆಯಾಡಿದರು. ನಗಿಸಬೇಕು ಎಂದೇ ಆಡಿದ ಮಾತು. ಯಾರೂ ನಗದಿದ್ದಾಗ ಅವರೇ ದನಿ ತಗ್ಗಿಸಿದರು. "ಗುಡ್ಡದ ಬಡಗ ಮಗ್ಗಲಿಗೆ ಒಂದು ಹಳೇ ಬುಡ ಐತಿ, ಅಣ್ಣಾ. ಕಡದ ಮ್ಯಾಲ ಚಿಗತದ್ದು. ನಾಕ ಗಳ ನೆಟ್ಟಗ ನಿಂತಾವು. ಸಂಜಿಮುಂದ ಗಾಡಿ ಹೂಡ್ತೀನಿ."

ಕತ್ತಲಾದ ಮೇಲೆಯೇ ಹೋಗಬೇಕಿತ್ತು. ಸತ್ತವನ ಅಳತೆಯನ್ನು ಗಿಡದ ಬುಡದಲ್ಲಿ, ದೀಪವಿಲ್ಲದೆ ತೆಗೆಯಬೇಕು. ಇದು ನಮ್ಮ ಮನೆಯ ಕಟ್ಟು.

ದಾರಿಯಲ್ಲಿ ಹೇಳಿದೆ. "ಅಪ್ಪಾ, ಅಳತಿ ನನ್ನ ಹಂತ್ಯಾಕ ಐತ್ರಿ. ಭರ್ತಿಗೆ ಹೋಗೂಮುಂದ ಗ್ವಾಡಿಗೆ ನಿಲ್ಲಿಸಿ ತಗೊಂಡೇನಿ. ಐದು ಅಡಿ ನಾಕ ಇಂಚು. ದಾರಕ್ಕ ಗಂಟ ಹಾಕಿ ತಂದೇನಿ."

"ಅದು ನಾಕ ವರ್ಷದ ಹಿಂದಿನ ದಾರವ್ವಾ."

"ಮತ್ತ ಬ್ಯಾರೇ ಅಳತಿ ಎಲ್ಲೈತ್ರಿ?"

"ಗಿಡ್ಡ ಆತಂದ್ರ, ಅಂವ ಕಾಲ ಮುದುಡಿಕೊಂಡ ಮಲಗಬೇಕಾಗತೈತಿ," ಎಂದರು ಅಪ್ಪ.

ಅವನು ಬೆಳೆದಿಲ್ಲ ಎಂದು ನಾನು ವಾದಿಸುವಂತಿರಲಿಲ್ಲ. ಕಾರಣವಿತ್ತು.

ಎರಡು ವರ್ಷದ ಹಿಂದೆ ಲಕ್ಕಪ್ಪ ರಜೆಗೆ ಬಂದಿದ್ದ. ದವಾಖಾನೆ ಬಿಟ್ಟು ಊರಿಗೆ ಹೋಗಲು ನನಗೆ ಆಗಿರಲಿಲ್ಲ. ಮರಳುವ ದಿನ ನನ್ನನ್ನು ನೋಡಲು ಗೋಕಾಕದ ದವಾಖಾನೆಗೆ ಬಂದ. ನಾನು ಔಷಧದ ಕೋಣೆಯಲ್ಲಿ ಬಾಟಲಿಗಳ ಲೆಕ್ಕ ಮಾಡುತ್ತಿದ್ದೆ. ಕಿಟಕಿಯ ಹೊರಗಿನಿಂದ "ಅಕ್ಕಾ" ಎಂದ. "ಡ್ಯೂಟಿ ಮುಗಿದ ಮ್ಯಾಲ ಬಾ," ಎಂದೆ. ತಲೆ ಎತ್ತಿ ನೋಡಲಿಲ್ಲ. ಎತ್ತಿದರೆ ಲೆಕ್ಕ ತಪ್ಪುತ್ತಿತ್ತು. ಡ್ಯೂಟಿ ಮುಗಿಸಿ ಹೊರಗೆ ಬಂದಾಗ ಕಿಟಕಿಯ ಕಟ್ಟೆಯ ಮೇಲೆ ಕರದಂಟಿನ ಪೊಟ್ಟಣ ಇತ್ತು. ಅವನ ಬಸ್ಸು ಹೋಗಿ ಅರ್ಧ ತಾಸಾಗಿತ್ತು.

ಹಾಗಾಗಿ ನನ್ನ ತಮ್ಮ ಎಷ್ಟು ಬೆಳೆದಿದ್ದ ಎಂಬುದು ನನಗೆ ಗೊತ್ತಿರಲಿಲ್ಲ.

ಗುಡ್ಡದ ಬುಡದಲ್ಲಿ ಕಾಕಾ ಗಾಡಿ ನಿಲ್ಲಿಸಿದರು. "ನಾ ಎತ್ತ ನೋಡಕೋತ ಇಲ್ಲೇ ಕುಂದರತೀನಿ. ನೀವು ಹೋಗಿ ಬರ್ರಿ." ಬೀಡಿಯನ್ನೂ ಹಚ್ಚಲಿಲ್ಲ.

ಅಪ್ಪ ನನ್ನ ಹೆಗಲು ಹಿಡಿದು ಹತ್ತಿದರು. ಒಣಗಿದ ಎಲೆಗಳ ಸದ್ದು... ನನ್ನ ಹೆಜ್ಜೆ, ಅಪ್ಪನ ಹೆಜ್ಜೆ. ದೂರದಲ್ಲಿ ಒಂದು ನರಿ ಕೂಗಿ ಸುಮ್ಮನಾಯಿತು. ಗಾಳಿಯೇ ಇರಲಿಲ್ಲ.

ಹಳೇ ಬುಡ ಸಿಕ್ಕಿತು. ಅಪ್ಪ ನಾಲ್ಕೂ ಗಳಗಳನ್ನು ಸವರಿದರು. ಮೂರನೆಯದರ ಮೇಲೆ ಕೈ ನಿಂತಿತು. ಬಡಿದರು. ಟಣ್ ಎಂದು, ತುಂಬಿದ ಕೊಡಕ್ಕೆ ಬೆರಳು ತಾಗಿಸಿದಂಥ ದನಿ.

"ಇದ," ಎಂದರು. "ಬ್ಯಾಟರಿ ಹಚ್ಚಬ್ಯಾಡ ಮತ್ತ. ನಾ ಹೇಳೂತನಕಾ."

ಎಡಗೈಯಲ್ಲಿ ಗಳ ಹಿಡಿದು ನಿಂತರು. ಚುಕ್ಕೆಗಳ ಬೆಳಕಿನಲ್ಲಿ ಅವರ ಅಂಗಿಯ ಬಿಳುಪು, ಆಕಾಶಕ್ಕೆದುರಾದ ಕೈಯ ನೆರಳು ಮಾತ್ರ ಕಾಣುತ್ತಿದ್ದವು. ಎಷ್ಟು ಹೊತ್ತು ಎಂದು ಹೇಳಲಾರೆ. ಗಡಿಯಾರ ಕಾಣುತ್ತಿರಲಿಲ್ಲ.

ಮೊದಲು ವಾಸನೆ ಬಂತು. ತುಪ್ಪದಲ್ಲಿ ಹುರಿದ ಅಂಟು, ಬೆಲ್ಲದ ಪಾಕ... ಗೋಕಾಕದ ಮಿಠಾಯಿ ಅಂಗಡಿಯ ಮುಂದೆ ನಿಂತ ಹಾಗೆ. ಹತ್ತಿರದ ಮನೆ ಎರಡು ಮೈಲಿ ದೂರ.

ಆಮೇಲೆ ಎಲೆಗಳು ಸದ್ದು ಮಾಡಿದವು. ನಾನು ಕದಲಿರಲಿಲ್ಲ. ಅಪ್ಪ ಕದಲಿರಲಿಲ್ಲ. ನಮ್ಮಿಬ್ಬರ ನಡುವೆ, ಗಳದ ಪಕ್ಕದಲ್ಲಿ, ಯಾರೋ ಈ ಕಾಲಿನಿಂದ ಆ ಕಾಲಿಗೆ ಭಾರ ಬದಲಿಸಿ ನಿಂತ ಸದ್ದು ಅದು.

ಅಪ್ಪನ ಬಲತೋಳು ನಿಧಾನವಾಗಿ ಮೇಲೆದ್ದಿತು. ಗಾಳಿಯಲ್ಲಿ ಒಂದು ಕಡೆ ನಿಂತಿತು. ಅಂಗೈ ಕೆಳಗೆ ತಿರುಗಿತು. ಬೆರಳುಗಳು ಸಣ್ಣಗೆ ಆಡಿದವು, ಗಿಡ್ಡ ಕೂದಲ ಮೇಲೆ ಆಡಿದಂತೆ.

"ಹಿಮ್ಮಡಿ ಎತ್ತಬ್ಯಾಡಲೇ," ಎಂದರು ಅಪ್ಪ. ದನಿ ಮೆತ್ತಗಿತ್ತು, ಅದರಲ್ಲಿ ನಗೆ ಇತ್ತು. "ನೆಟ್ಟಗ ನಿಂದರು."

ಮೇಲೆ ನಿಂತಿದ್ದ ಕೈ ಎರಡು ಬೆರಳಷ್ಟು ಕೆಳಗಿಳಿಯಿತು.

ಗೋಡೆಗೆ ನಿಲ್ಲಿಸಿ ಅಳೆಯುವಾಗಲೆಲ್ಲ ಲಕ್ಕಪ್ಪ ಹಿಮ್ಮಡಿ ಎತ್ತಿ ಮೋಸ ಮಾಡುತ್ತಿದ್ದ. ಅಪ್ಪ ಇದೇ ಮಾತನ್ನು ಇದೇ ದನಿಯಲ್ಲಿ ಅನ್ನುತ್ತಿದ್ದರು.

ನನ್ನ ಎಡ ಭುಜದ ಹತ್ತಿರ ಉಸಿರು ಕೇಳಿಸಿತು. ಒಂದು ಗೇಣಿನಷ್ಟು ಹತ್ತಿರ. ಕೈ ಚಾಚಿದ್ದರೆ...

ಚಾಚಲಿಲ್ಲ. ನನ್ನ ಬೆರಳಿಗೆ ದಾರದ ಗಂಟು ಸಿಕ್ಕಿತ್ತು. ಅಪ್ಪನ ಕೈ ಆ ದಾರದ ಅಳತೆಗಿಂತ ಎತ್ತರದಲ್ಲಿತ್ತು. ಅಳತೆ ತಪ್ಪುತ್ತಿದೆ, ನೋಡಿ ಬರೆಯಬೇಕು ಎಂದು ತಲೆ ಹೇಳಿತು. ಹೆದರಿಕೆಯೂ ಇತ್ತು; ಅದನ್ನು ಮುಚ್ಚಿಡುವುದಿಲ್ಲ. ಆದರೆ ಹೆದರಿಕೆಗಿಂತ ಅಭ್ಯಾಸ ದೊಡ್ಡದು.

"ಅಪ್ಪಾ, ಹೆಚ್ಚ ಆತ್ರಿ," ಎಂದು ಬ್ಯಾಟರಿ ಹಚ್ಚಿದೆ.

ಗಳ. ಎಲೆ. ಗಾಳಿಯಲ್ಲಿ ನಿಂತ ಅಪ್ಪನ ಕೈ, ಅದರ ಕೆಳಗೆ ಬಯಲು.

ವಾಸನೆ ಇರಲಿಲ್ಲ. ಎಲೆಗಳ ಮೇಲೆ ನಮ್ಮಿಬ್ಬರದಲ್ಲದೆ ಬೇರೆ ಗುರುತಿರಲಿಲ್ಲ. ಬಾಗಿ ನೋಡಿದೆ, ಸುತ್ತಲೂ ನೋಡಿದೆ.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪೊರೆ ಬಂದ ಕಣ್ಣುಗಳಿಂದ ನೀರು ಇಳಿಯುತ್ತಿತ್ತು. ಕಾಗದ ಬಂದಾಗಲೂ ಅವರು ಅತ್ತಿರಲಿಲ್ಲ.

"ಇನ್ನೊಂದೀಟ ನಿಂದರತಿದ್ನವ್ವಾ," ಎಂದರು. "ನಿನ್ನ ಕಡೆ ಮಾರಿ ತಿರುವ್ಯಾನಂತ ನನಗ ಅನಸತಿತ್ತು."

ನಾನು ಕೆಳಗಿದ್ದ ಕೊಡಲಿ ಎತ್ತಿಕೊಂಡೆ.

"ನನ್ನ ಕೈ ಹಿಂಗ ಹಿಡದಿರತೀನಿ. ಗುರುತ ಮಾಡು."

ಅವರ ಅಂಗೈಯ ಮಟ್ಟಕ್ಕೆ ಗಳದ ಮೇಲೆ ಕಚ್ಚು ಹಾಕಿದೆ. ಟೇಪು ಹಿಡಿದೆ. ಐದು ಅಡಿ ಏಳು ಇಂಚು. ನನ್ನ ದಾರಕ್ಕಿಂತ ಮೂರು ಇಂಚು ಹೆಚ್ಚು. ಕಡಿಯುವಾಗ ಅಪ್ಪ ಒಂದೊಂದು ಪೆಟ್ಟಿಗೂ ನಡುವೆ ನಿಂತು ಕಿವಿಗೊಡುತ್ತಿದ್ದರು. ಕಾಡಿನಲ್ಲಿ ಮತ್ತೆ ಏನೂ ಕೇಳಿಸಲಿಲ್ಲ.

ಯುಗಾದಿಯ ಹೊತ್ತಿಗೆ ಲಕ್ಕಪ್ಪನ ಟ್ರಂಕು ಊರಿಗೆ ಬಂತು. ಬಟ್ಟೆಗಳ ಕೆಳಗೆ ಒಂದು ವೈದ್ಯಕೀಯ ತಪಾಸಣೆಯ ಹಾಳೆ ಇತ್ತು. ಅಂಥ ಹಾಳೆಗಳನ್ನು ನಾನು ಸಾವಿರ ತುಂಬಿದ್ದೇನೆ; ಎತ್ತರದ ಕಾಲಂ ಎಲ್ಲಿರುತ್ತದೆ ಎಂದು ಗೊತ್ತು. ಐದು ಅಡಿ ಏಳು ಇಂಚು ಎಂದು ಬರೆದಿತ್ತು. ಅಷ್ಟರಲ್ಲಿ ಬಿಲ್ಲು ಮಣ್ಣು ಸೇರಿತ್ತು.

ರಜೆಗೆ ಬಂದಾಗ ಅಪ್ಪ ಅವನ ತಲೆ ಮುಟ್ಟಿರಬಹುದು, ಕೈಗೆ ಆ ಎತ್ತರ ನೆನಪಿದ್ದಿರಬಹುದು ಎಂದು ಹೇಳುವವರಿದ್ದಾರೆ. ಇರಬಹುದು. ಆದರೆ ಆ ಉಸಿರು ಅಪ್ಪನ ಕಡೆ ಇರಲಿಲ್ಲ. ನನ್ನ ಕಡೆ ಇತ್ತು. ಈಗಲೂ ರಾತ್ರಿ ಕರೆಂಟು ಹೋದರೆ ನಾನು ಬ್ಯಾಟರಿ ಹುಡುಕುವುದಿಲ್ಲ. ಎಡಗೈ ಚಾಚಿ ಸುಮ್ಮನೆ ಕೂಡುತ್ತೇನೆ. ಏನೂ ಸಿಗುವುದಿಲ್ಲ. ಒಂದು ದಿನ ಸಿಕ್ಕರೆ ಎಂಬ ಅಂಜಿಕೆಯೂ ಹೋಗಿಲ್ಲ.

ಆ ರಾತ್ರಿ ಹನ್ನೊಂದೂವರೆಗೆ ಕಾಕಾನ ಮನೆ ಮುಟ್ಟಿದೆವು. ಗಳವನ್ನು ಪಡಸಾಲೆಯಲ್ಲಿ, ಹಾಸಿದ ಕಂಬಳಿಯ ಮೇಲೆ ಮಲಗಿಸಿದೆವು. ಹಸಿ ಕಟ್ಟಿಗೆ ತುದಿಯಿಂದ ಸೀಳುತ್ತದೆ. ಎರಡೂ ತುದಿಗೆ ಜೇನುಮೇಣ ಮೆತ್ತಬೇಕು. ಮೇಣ ಕಾಯಿಸಿ ತಂದೆ.

"ತಲಿ ಯಾವ ಕಡೆ ಬರತೈತ್ರಿ, ಅಪ್ಪಾ?"

"ಬುಡ ಪಾದ. ಕಚ್ಚ ಹಾಕಿದ ಕಡೆ ತಲಿ."

ನಾನು ಎದ್ದು ಕಂದೀಲು ಆರಿಸಿದೆ. ಕತ್ತಲಲ್ಲಿ ತಡವಿ ಮೊದಲು ಪಾದದ ತುದಿಗೆ ಮೆತ್ತಿದೆ. ಆಮೇಲೆ ತಲೆಯ ತುದಿಗೆ ಬಂದೆ. ಅವ್ವ ಹೋದ ಮೇಲೆ ಭಾನುವಾರಗಳಂದು ಅವನ ನೆತ್ತಿಗೆ ಎಣ್ಣೆ ತಿಕ್ಕುತ್ತಿದ್ದವಳು ನಾನೇ. ಬೆಚ್ಚಗಿನ ಮೇಣವನ್ನು ಹೆಬ್ಬೆರಳಿನಿಂದ ಸುತ್ತ ಸುತ್ತ, ಅವಸರ ಮಾಡದೆ, ಅದು ಆರುವವರೆಗೂ ತಿಕ್ಕಿದೆ.