ಮೆಟ್ಟಿಲು ಬಂಡೆಯ ಸುಳ್ಳು

ನನಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಮನೆಯವರೆಲ್ಲ ನಂಬಿದ್ದರು. ಸಿಟ್ಟು ಬಂದರೆ ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡುವ ಹೆಂಗಸು ನಾನು. ಒಳಗೊಂದು ಹೊರಗೊಂದು ಇಟ್ಟುಕೊಳ್ಳುವಷ್ಟು ವ್ಯವಧಾನ ನನಗೆ ಯಾವತ್ತೂ ಇರಲಿಲ್ಲ. ಅಂಥ ನಾನು ಒಂದು ಇಡೀ ಚಳಿಗಾಲ ಗಂಡನ ಮುಂದೆ ಒಂದೇ ಸುಳ್ಳನ್ನು ಹೇಳುತ್ತಾ ಬಂದೆ.

ನಮ್ಮದು ಗಂಗಾವತಿಯ ಹೊರಗೆ ಜೀಪಿನ ಕೆಲಸ. ಊರೂರಿಂದ ಬಂದ ಮಂದಿಯನ್ನು ಕೂರಿಸಿಕೊಂಡು ಬಂಡೆಗುಡ್ಡದ ಕಚ್ಚಾ ಹಾದಿಯಲ್ಲಿ ನೆತ್ತಿಯವರೆಗೆ ಹತ್ತಿಸಿ, ಹೊಳೆ, ಭತ್ತದ ಗದ್ದೆ ಎಲ್ಲ ತೋರಿಸಿ, ಹುಷಾರಾಗಿ ಇಳಿಸಿ ತರುವುದು. ಹಾದಿ ಅಂದರೆ ಹೆಸರಿಗಷ್ಟೇ ಹಾದಿ. ಎಂದೋ ಟವರ್ ನಿಲ್ಲಿಸಲು ಕಡಿದು, ಆಮೇಲೆ ಮಳೆಯ ಪಾಲಿಗೆ ಬಿಟ್ಟದ್ದು. ಅಲ್ಲಿ ಹದಿನೈದು ವರ್ಷ ಜೀಪು ಓಡಿಸಿದವರು ನಮ್ಮ ಯಜಮಾನರು. ಲಕ್ವಾ ಹೊಡೆದು ಅವರ ಬಲಗೈ, ಬಲಗಾಲು ಸೋತ ಮೇಲೆ ಸ್ಟೇರಿಂಗ್ ನನ್ನ ಕೈಗೆ ಬಂತು. ನಾನು ತಾವರಗೇರಾ ಕಡೆಯವಳು, ಎರೆಹೊಲದಲ್ಲಿ ಅಪ್ಪನ ಟ್ರ್ಯಾಕ್ಟರ್ ಹೊಡೆದು ಬೆಳೆದವಳು. ಜೀಪು ಕಲಿಸಿದವರು ಇವರೇ. ಕೆಸರು ಕಂಡರೆ ನುಗ್ಗುವ ನನ್ನ ಚಟ ಬಿಡಿಸಿ, ಬಂಡೆಯ ಮೇಲೆ ಇರುವೆಯ ಹಾಗೆ ನಿಧಾನ ಹತ್ತುವುದನ್ನು ಕಲಿಸುವಷ್ಟರಲ್ಲಿ ಅವರಿಗೆ ಸಾಕುಬೇಕಾಗಿತ್ತು.

ದಿನಾ ನಡೆಯಲೇಬೇಕು, ಈಗ ಬಿಟ್ಟರೆ ಕಾಲು ಮತ್ತೆ ಬರುವುದಿಲ್ಲ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ಇವರು ಹೊಸ್ತಿಲು ದಾಟಲಿಲ್ಲ. ದಾಟಿದರೆ ಸಾಕು, ಓಣಿಯವರು ಒಬ್ಬರಾದ ಮೇಲೊಬ್ಬರು ವಿಚಾರಿಸುತ್ತಾರೆ, ಅದು ಇವರಿಗೆ ಆಗದು. ನಾನು ರಮಿಸಿದೆ, ಬೈದೆ.

"ನಡೀರಿ ಅಂದ್ರ ನಡೀಬೇಕ್ರಿ! ನಾ ಏನ್ ನಿಮ್ಮನ್ನ ಹೊತಗೊಂಡು ಅಡ್ಡಾಡ್ಲಿ?" ಎಂದು ಒಮ್ಮೆ ಕೂಗಿಯೂ ಬಿಟ್ಟೆ. ಆಮೇಲೆ ಅಡುಗೆಮನೆಗೆ ಹೋಗಿ ಒಬ್ಬಳೇ ಅತ್ತೆ. ಇವರು ಗೋಡೆಗೆ ಒರಗಿದವರು ಒರಗಿಯೇ ಇದ್ದರು.

ಮಾರನೆಯ ದಿನ ಗುಡ್ಡದಿಂದ ಬಂದವಳೇ ಸುಳ್ಳು ಹೇಳಿದೆ. "ಮೆಟ್ಲದ ಮ್ಯಾಲೆ ಜೀಪ್ ಹತ್ತಸಾಕ ಆಗವಲ್ದರಿ ನನಗ. ಇವತ್ತ ಮಂದೀನ್ನ ಅರ್ಧಾ ಹಾದ್ಯಾಗಿಂದ ತಿರುಗಿಸಿಕೊಂಡು ಬಂದೆ."

ಮೆಟ್ಲ ಅಂದರೆ ಗುಡ್ಡದ ನಡುವಿನ ಒಂದು ಬಂಡೆ. ಮೊಣಕಾಲೆತ್ತರದ ಎರಡು ಮೆಟ್ಟಿಲ ಹಾಗಿದೆ, ಒಂದು ಬದಿಗೆ ಇಳಿಜಾರು. ಅಲ್ಲಿ ಮಂದಿಯನ್ನು ಇಳಿಸಿ ಖಾಲಿ ಜೀಪು ಹತ್ತಿಸಬೇಕು. ಜೊತೆಗಾರ ಇದ್ದರೆ ಮುಂದೆ ನಡೆದು ಮೇಲೆ ನಿಂತು, ಗಾಲಿ ಎತ್ತ ಇಡಬೇಕೆಂದು ತೋರಿಸುತ್ತಾನೆ. ನಾನು ಒಬ್ಬಳೇ ಹತ್ತಿಸುತ್ತಾ ಆಗಲೇ ತಿಂಗಳಾಗಿತ್ತು.

ಇವರು, "ಕಲಿಸಿದ್ದೆಲ್ಲಾ ಹೊಳ್ಯಾಗ ಬಿಟ್ಟಿ," ಎಂದರು. ಮರುದಿನ ಬೆಳಿಗ್ಗೆ ನಾನು ಜೀಪು ಒರೆಸುತ್ತಿದ್ದಾಗ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ನನ್ನ ಎದೆ ಹೇಗೆ ಹೊಡೆದುಕೊಂಡಿತೆಂದರೆ, ಆ ಸದ್ದಿಗೇ ಸುಳ್ಳು ಗೊತ್ತಾಗಿಬಿಡುತ್ತದೋ ಏನೋ ಅನ್ನಿಸಿತು.

ಮೊದಲ ದಿನ ಜೀಪಿನಿಂದ ಇಳಿದು ಬಂಡೆಯ ಮೇಲಕ್ಕೆ ಹೋಗಲು ಅವರಿಗೆ ಬಹಳ ಹೊತ್ತು ಹಿಡಿಯಿತು. ನಾನು ಬಾನೆಟ್ ತೆಗೆದು ಏನೋ ಕೆಟ್ಟಿದೆ ಅನ್ನುವ ಹಾಗೆ ಕೆದಕುತ್ತಾ ನಿಂತೆ. ದಿನ ಕಳೆದಂತೆ ಹೆಜ್ಜೆ ಹಗುರಾದವು. ಎಡಗೈ ಒಂದೇ ಸಾಲದೆ ಗದ್ದ, ಹುಬ್ಬು, ತುಟಿ ಎಲ್ಲದರಿಂದಲೂ ದಾರಿ ತೋರಿಸುತ್ತಿದ್ದರು. ನಾನು ದಿನಾ ಒಂದೆರಡು ಸಲ ಬೇಕಂತಲೇ ಎಂಜಿನ್ ಬಂದ್ ಮಾಡುತ್ತಿದ್ದೆ. ಇವರು ಮಂದಿಯ ಕಡೆ ತಿರುಗಿ, "ಗಾಬರಿ ಆಗಬ್ಯಾಡ್ರಿ, ನಾ ಅದೇನಿ," ಅನ್ನುತ್ತಿದ್ದರು. ಆ ಮಾತು ಕೇಳಲಿಕ್ಕೆಂದೇ ಇನ್ನೂ ನೂರು ಸಲ ಬಂದ್ ಮಾಡಬೇಕೆನ್ನಿಸುತ್ತಿತ್ತು.

ಚಳಿ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅಕಾಲದ ತುಂತುರು ಬಿತ್ತು. ರಾಯಚೂರು ಕಡೆಯ ಒಂದು ಕುಟುಂಬ ಬಂದಿತ್ತು. ಎಂದಿನಂತೆ ಅವರನ್ನು ಕೆಳಗೆ ದೂರ ನಿಲ್ಲಿಸಿ ಜೀಪು ಏರಿಸಿದೆ. ಎರಡನೇ ಮೆಟ್ಟಿಲಿಗೆ ಮುಂದಿನ ಗಾಲಿ ಹತ್ತಿತು, ಹಿಂದಿನದು ಹಸಿ ಬಂಡೆಯ ಮೇಲೆ ಜಾರತೊಡಗಿತು. ಬ್ರೇಕ್ ತುಳಿದರೂ ಜೀಪು ಬೆರಳಗಲ ಬೆರಳಗಲ ಇಳಿಜಾರಿನ ಕಡೆ ಸರಿಯುತ್ತಿತ್ತು.

"ಹತ್ತವಲ್ದರಿ!" ಎಂದು ಕೂಗಿದೆ.

ಮೇಲೆ ನಿಂತಿದ್ದ ಇವರು ನಕ್ಕರು. "ಸಾಕ ಮಾಡು ನಾಟಕಾ. ನಿನಗ ಹತ್ತಸಾಕ ಬರ್ತೈತಿ ಅನ್ನೂದು ಮೊದಲನೇ ದಿನಾನ ಗೊತ್ತಾಗೇತಿ ನನಗ."

ನಾಚಿಕೆಪಡಲು ಪುರುಸೊತ್ತಿರಲಿಲ್ಲ. "ನಾಟಕ ಅಲ್ರೀ!" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಅವರ ನಗು ನಿಂತಿತು. ಬಂಡೆಯ ಮೇಲೆ ಕೂತು ಜಾರುತ್ತಲೇ ಕೆಳಗೆ ಬಂದರು. ಕಲ್ಲೊಂದನ್ನು ಎಡಗೈಯಿಂದ ಎದೆಗೆ ಒತ್ತಿ ಹಿಡಿದು, ಬಲಗೈ ಮುಷ್ಟಿಯನ್ನು ಅದಕ್ಕೆ ಆನಿಸಿಕೊಂಡು ತಂದು ಹಿಂದಿನ ಗಾಲಿಗೆ ಅಡ್ಡ ಕೊಟ್ಟರು. ಜೀಪು ನಿಂತಿತು. ಮತ್ತೆ ಅಷ್ಟೂ ಹತ್ತಿ ಹೋಗಿ ನನ್ನ ಎದುರಿಗೆ ನಿಂತರು. ಏದುಸಿರು ಬಿಡುತ್ತಿದ್ದರು.

"ಗಾಲಿ ನೋಡಬ್ಯಾಡ. ಇಲ್ಲಿ ನೋಡು, ನನ್ನ ಕಡೆ. ಸಾವಕಾಶ ಬಾ."

ಬಂದೆ.

ನೆತ್ತಿಯ ಮೇಲೆ ಮಂದಿ ಫೋಟೋ ತೆಗೆಯುವುದರಲ್ಲಿ ಮುಳುಗಿದರು. ನಾವಿಬ್ಬರೂ ಜೀಪಿನ ಮಗ್ಗುಲಿಗೆ ಕೂತೆವು.

"ಗೊತ್ತಿತ್ತಂದ್ರ ದಿನಾ ಯಾಕ ಬರ್ತಿದ್ರಿ? ಸಿಟ್ಟ ಬರಲಿಲ್ಲೇನು?" ಎಂದು ಕೇಳಿದೆ.

ಅವರು ಹೊಳೆಯ ಕಡೆ ನೋಡುತ್ತಲೇ ಹೇಳಿದರು.

"ಲಕ್ವಾ ಹೊಡದಾಗಿಂದ ನೀ ನನ್ನ ಕೈ ನೋಡ್ತಿ, ಕಾಲ ನೋಡ್ತಿ, ಗುಳಿಗಿ ತಗೊಂಡೇನಿಲ್ಲೋ ನೋಡ್ತಿ. ಮಾರಿ ನೋಡೂದು ಆ ಮೆಟ್ಲದಾಗ ಅಷ್ಟ. ಅದಕ್ಕ ಬರ್ತಿದ್ದೆ."

ಮುಖ ನೋಡುವುದಿಲ್ಲ ಅಂದರೇನು, ಹಾಗೇನಿಲ್ಲ ಬಿಡ್ರಿ ಎಂದು ಜಗಳಕ್ಕೆ ಬಾಯಿ ತೆರೆದೆ. ಆಗಲೂ ನನ್ನ ಕಣ್ಣು, ಕಲ್ಲು ತರಚಿ ಕೆಂಪಾಗಿದ್ದ ಅವರ ಬಲಗೈಯ ಮೇಲೇ ಇತ್ತು.