ಕೆಂಪಾದ ಭಂಡಾರ

ಮೈಲಾರಲಿಂಗನ ಪ್ರಸಾದವಾದ ಅರಿಶಿನ ಭಂಡಾರ ನಮ್ಮ ಕಾರಿನಲ್ಲಿ ತಾನಾಗಿಯೇ ಕುಂಕುಮವಾಯಿತೆಂದು ಮೈಂದರ್ಗಿಯಲ್ಲಿ ಎಲ್ಲರೂ ಹೇಳುತ್ತಾರೆ. ತಾನಾಗಿಯೇ ಹೇಗಾದೀತು?

ಅವತ್ತು ಸೊಲ್ಲಾಪುರದ ಆಸ್ಪತ್ರೆಗೆ, ಅಪ್ಪನ ಹತ್ತಿರ ಹೊರಟಿದ್ದೆವು. ಗಾಜಿಗೆ ಮಬ್ಬು ಕವಿದು, ಅಕ್ಕಲಕೋಟದಾಚೆಯ ಜೋಳದ ಹೊಲಗಳು ಕನಸಿನಂತೆ ತೇಲುತ್ತಿದ್ದವು. ಒಳಗೆಲ್ಲ ಏನೋ ಸಿಹಿ ವಾಸನೆ. ಕಾಲಬುಡದ ಮ್ಯಾಟಿನ ಮೇಲೆ, ಅಪ್ಪನ ಹಣೆಗೆಂದು ಒಯ್ಯುತ್ತಿದ್ದ ಪೊಟ್ಟಣದಿಂದ ಚೆಲ್ಲಿದ್ದ ಭಂಡಾರದ ಅರಿಶಿನ ಕೆಂಪಾದದ್ದು ಕಂಡು ಅವ್ವ ಕೈಮುಗಿದಳು.

"ದೇವ್ರು ಹೂಂ ಅಂದಾನ. ನಿಮ್ಮಪ್ಪ ಇನ್ನ ಮನಿಗಿ ಬರ್ತಾರ ನೋಡು."

ಕಾರು ನಿಲ್ಲಿಸಿ ಮುಟ್ಟಿದೆ. ಅಂಟಂಟು. ಎಲ್ಲಿ ಸೋರುತ್ತದೆಂದು ಯಾವ ಗ್ಯಾರೇಜಿಗೂ ತಿಳಿಯದಿದ್ದ, ಎಂಜಿನ್ ತಣಿಸುವ ಸಿಹಿ ವಾಸನೆಯ ಕೂಲಂಟ್! ಈ ಸೆಕೆಯ ಊರಲ್ಲಿ ಯಾರೂ ಹಾಕದ ಹೀಟರಿನಿಂದ ಒಳಗೇ ಜಿನುಗುತ್ತಿತ್ತು. ಅರಿಶಿನದ ಕಲೆಗೆ ಸೋಪು ತಾಗಿದರೂ ಹೀಗೇ ಕೆಂಪಾಗುವುದಿಲ್ಲವೇ? ವಾದಕ್ಕೆ ಬಾಯಿ ತೆರೆದವ ಅವ್ವನ ಮುಖ ನೋಡಿ ಕೈ ಒರೆಸಿಕೊಂಡು ಕಾರು ಹೊರಡಿಸಿದೆ.

ಹೀಟರ್ ರಿಪೇರಿಯಾಗಿದೆ. ಅಪ್ಪ ಇನ್ನೂ ಆಸ್ಪತ್ರೆಯಲ್ಲಿದ್ದಾರೆ. ಮ್ಯಾಟಿನ ಕೆಂಪೂ ಹಾಗೇ ಇದೆ; ನಿನ್ನೆ ಮೆಲ್ಲಗೆ ಕೇಳಿದೆ: "ಅವ್ವಾ, ಈ ಮ್ಯಾಟ್ ತೊಳೀಲೇನ?"