ಫಾರ್ಚ್ಯೂನ್ ಎಂಬ ಅನುಮಾನದ ಪದ

ನಿನ್ನೆ ಮಗಳು ಹೋಮ್‌ವರ್ಕ್ ಮಾಡುತ್ತ, ‘ಫಾರ್ಚ್ಯೂನ್’ ಅಂದರೆ ಅದೃಷ್ಟವೋ ಸಂಪತ್ತೋ ಎಂದು ಕೇಳಿದಳು. ಎರಡೂ, ಎಂದೆ. ಅವಳು ಮೊಬೈಲಿನಲ್ಲಿ ಹುಡುಕಿದಳು. ಹಳೇ ರೋಮಿನ ಅದೃಷ್ಟದೇವಿಗೂ ಇದೇ ಹೆಸರಂತೆ, ಹಣ ಎಂಬ ಅರ್ಥ ಆಮೇಲೆ ಅಂಟಿಕೊಂಡಿತಂತೆ. ನನಗೆ ಆಗಲೇ ಅನುಮಾನ ಬಂತು ನೋಡಿ. ಇನ್ನೊಬ್ಬರ ಕೈಯಲ್ಲಿ ದುಡ್ಡು ಕಂಡು, ಇದು ದುಡಿದದ್ದಲ್ಲ, ಸಿಕ್ಕಿದ್ದು ಎಂದು ಹೊಟ್ಟೆ ಉರಿಸಿಕೊಂಡವರೇ ಅಂಟಿಸಿರಬೇಕು. ನಮ್ಮೂರು ಐಗಳಿಯ ಹರಟೆಕಟ್ಟೆಯಂಥದ್ದು ಅಲ್ಲಿಯೂ ಇತ್ತು ಅನ್ನಿ.

ಎಂಬತ್ತರ ದಶಕದ ಮಾತು. ನನ್ನ ಸೋದರತ್ತೆ ಪಾರವ್ವ, ಗಂಡ ಸತ್ತ ಮೇಲೆ, ಜೋಳದ ಹೊಲದಲ್ಲಿ ದ್ರಾಕ್ಷಿ ಹಚ್ಚಲು ಹೊರಟಳು. ಅದಕ್ಕೆ ಮೊದಲು ಕಾಲುವೆಯಂಥ ಆಳವಾದ ಚರಿ ತೋಡಿ ಗೊಬ್ಬರ ತುಂಬಬೇಕು. ಊರಿಗೆ ದ್ರಾಕ್ಷಿ ಹೊಸದು. ಚರಿಯ ಬಾಯಿಗೆ ಆಕೆ ಕಾಯಿ ಒಡೆದು ನಿಂಬೆಹಣ್ಣು ಇಟ್ಟದ್ದಷ್ಟೇ ಜನರ ಕಣ್ಣಿಗೆ ಬಿತ್ತು. ಕೆಲವು ವರ್ಷಕ್ಕೆ ತೋಟದ ಮನೆಗೆ ಸ್ಲ್ಯಾಬ್ ಬಿತ್ತು. ಮುಗಿಯಿತು ಕಥೆ, ಕಟ್ಟೆಯ ಮೇಲೆ ಒಂದೇ ಮಾತು:

“ಬರೇ ಹಣ್ಣ ಮಾರಿ ಸ್ಲ್ಯಾಬ್ ಹಾಕ್ಸಾಕ ಆಕ್ಕೈತೇನಲೇ? ಹೊನ್ನಿನ ಹಂಡೇ ಸಿಕ್ಕೈತಿ ಆಕಿಗೆ!”

ನಿಧಿ ಎತ್ತಿದ ಮನೆಯ ಹೆಣ್ಣು ತಂದರೆ ವಂಶ ಉಳಿಯುವುದಿಲ್ಲ ಎಂಬ ಭಯ ಬೇರೆ. ಅತ್ತೆಯ ಒಬ್ಬಳೇ ಮಗಳು ಶೋಭಕ್ಕನಿಗೆ ಬಂದ ಸಂಬಂಧಗಳು ಒಂದೊಂದಾಗಿ ವಾಪಸಾದವು.

ಕೊನೆಗೆ ಕೃಷ್ಣಾ ದಂಡೆಯ ಕಬ್ಬಿನ ಮನೆತನದವರು ಬಂದರು. ಅವರಿಗೆ ನಿಧಿಯ ಭಯವಿರಲಿಲ್ಲ, ಆಸೆಯಿತ್ತು. ಅವಲಕ್ಕಿ ಮುಗಿಸಿ ಹುಡುಗನ ತಂದೆ ಮೆಲ್ಲಗೆ ಮಾತು ತೆಗೆದ: “ಖರೇ ಹೇಳ್ರಿ ಅಕ್ಕಾರ, ಎಷ್ಟ ಸಿಕ್ತು?”

ಅತ್ತೆ ಗುದ್ದಲಿ ತಂದು ಎದುರಿಗಿಟ್ಟಳು. “ಹೊಲಾ ಅಲ್ಲೇ ಐತ್ರಿ. ಅಗದ ನೋಡ್ರಿ, ಸಿಕ್ಕಿದ್ದ ನಿಮಗ.”

ಮರ್ಯಾದಸ್ಥನಾದರೆ ನಕ್ಕು ಬಿಡುತ್ತಾನೆ, ಅಲ್ಲವೇ? ಈ ಮನುಷ್ಯ ಟೊಪ್ಪಿಗೆ ತೆಗೆದಿಟ್ಟು ನಿಜಕ್ಕೂ ಅಗೆಯಲು ನಿಂತ! ಎರಡು ಬಳ್ಳಿಯ ಬೇರು ಕಡಿದುಹೋದವು. ಮತ್ತೆ ಎತ್ತಿದ ಗುದ್ದಲಿಯನ್ನು ಶೋಭಕ್ಕ ಓಡಿಬಂದು ಹಿಡಿದಳು.

“ಸಾಕ್ರಿ ಮಾಮಾರ. ಬೇರ ಕಡಿಯೋರ ಮನಿಗೆ ನಾ ಬರಾಂಗಿಲ್ಲ.”

ಆಮೇಲೆ ಬಹಳ ದಿನ ಯಾರೂ ಬರಲಿಲ್ಲ. ಅತ್ತೆ ಸೊರಗಿಹೋದಳು. ಹಾಗಿರುವಾಗ ಅಥಣಿ ಕಡೆಯ ಹುಡುಗನೊಬ್ಬ ಹೆಣ್ಣು ನೋಡಲು ಬಂದ. ಹೆಣ್ಣು ಬಿಟ್ಟು ಕಿಟಕಿಯಾಚೆಯ ತೋಟವನ್ನೇ ನೋಡುತ್ತ ಕೂತಿದ್ದ.

“ಬಳ್ಳಿ ಚಾಟಣಿ ಯಾವಾಗ ಮಾಡ್ತೀರಿ? ನಮ್ಮವು ಕತ್ತರಿಸಿದ್ರೂ ಚಿಗಿಯವಲ್ಲವು.”

“ದಸರಾ ಮುಗದ ಮ್ಯಾಲ!” ಒಳಗಿನಿಂದ ಶೋಭಕ್ಕನೇ ಕೂಗಿದಳು. “ಭಾಳ ಲಗೂ ಮಾಡಿರ್ತೀರಿ ನೀವು!”

ಮದುವೆ ಆ ತೋಟದಲ್ಲೇ ಆಯಿತು.

“ಹಂಗಾದ್ರ ಎರಡೂ ಅರ್ಥ ಬರೀಲಾ?” ಮಗಳು ಪೆನ್ನು ಹಿಡಿದು ಕೂತಿದ್ದಳು.

ಬರಿ, ಪರೀಕ್ಷೆಗೆ ಬೇಕಾಗುತ್ತದೆ ಎಂದೆ. ನಿನ್ನ ಶೋಭಾ ಅತ್ತೆಯ ಎದುರು ಮಾತ್ರ ಆ ಪದ ಎತ್ತಬೇಡ.